ಹೆಸರು ತಪ್ಪಿ ಬಂದವರಿಗೆ ಕಾಣುವ ಮುಖ

ಹೇಮಶ್ರೀ ವೆಬ್‌ಸೈಟ್ ಮಾಡಲು ಕಲಿತದ್ದು ಹೊಟ್ಟೆಪಾಡಿಗಲ್ಲ, ಆಸೆಗೂ ಅಲ್ಲ. ಗೋಡೆಗೆ ಹಚ್ಚಿದ ಪೋಸ್ಟರು ಮಳೆಗೆ ನಿಲ್ಲುವುದಿಲ್ಲ ಎಂಬ ಕಾರಣಕ್ಕೆ.

ಆಗ ಅವಳಿಗೆ ಮೂವತ್ತು ದಾಟಿತ್ತು. ಸುಳ್ಯ ಪೇಟೆಯ ಒಂದು ಪ್ರೆಸ್ಸಿನಲ್ಲಿ ಮದುವೆ ಕಾಗದ, ಉತ್ತರಕ್ರಿಯೆಯ ಕಾರ್ಡು ಟೈಪ್ ಮಾಡುವ ಕೆಲಸ. ತಮ್ಮ ಕೀರ್ತನ್ ಬಾಡಿಗೆ ಜೀಪು ಓಡಿಸುತ್ತಿದ್ದ. ಸುಳ್ಯದಿಂದ ಸಂಪಾಜೆಗೆ ಸಾಮಾನು, ಸಂಪಾಜೆಯಿಂದ ಮಡಿಕೇರಿಗೆ ಕೂಲಿಯಾಳುಗಳು. ದಾರಿಯಲ್ಲಿ ಯಾರು ಕೈ ತೋರಿಸಿದರೂ ಹತ್ತಿಸಿಕೊಳ್ಳುವ ಪೈಕಿ. ೨೦೧೬ರ ಆಟಿ ತಿಂಗಳ ಜಡಿಮಳೆಯಲ್ಲಿ ಒಂದು ಮಧ್ಯಾಹ್ನ ಅವನ ಜೀಪು ಸಂಪಾಜೆ ದಾಟಿ ಘಾಟಿ ಹತ್ತುವಲ್ಲಿ ರಸ್ತೆ ಬದಿಗೆ ನಿಂತಿತ್ತು. ಬೀಗದ ಕೈ ಅದರಲ್ಲೇ ಇತ್ತು. ಹ್ಯಾಂಡ್‌ಬ್ರೇಕ್ ಎಳೆದಿತ್ತು. ಸೀಟಿನ ಮೇಲೆ ಅರ್ಧ ಸುಲಿದ ಕಿತ್ತಳೆ. ಕೀರ್ತನ್ ಮಾತ್ರ ಇರಲಿಲ್ಲ. ರಸ್ತೆಯ ಕೆಳಗೆ ಪಯಸ್ವಿನಿ ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಈಜುಗಾರರು ಇಳಿದರು, ಊರವರು ದೋಟಿ ಹಿಡಿದು ದಡದುದ್ದಕ್ಕೂ ನಡೆದರು. ಒಂದು ಚಪ್ಪಲಿಯೂ ಸಿಗಲಿಲ್ಲ.

ಹಚ್ಚಿದ ಪೋಸ್ಟರುಗಳು ಮರುದಿನವೇ ನೀರು ಕುಡಿದು ಜೋತು ಬೀಳುತ್ತಿದ್ದವು. ತಮ್ಮನ ಮುಖ ಕರಗಿ ಚರಂಡಿಗೆ ಹೋಗುವುದನ್ನು ಹೇಮಶ್ರೀ ತನ್ನ ಕಣ್ಣಿನಿಂದಲೇ ಕಂಡಳು. ಅವತ್ತು ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಯತಿನ್ ಮೇಷ್ಟ್ರ ಬಳಿ ಹೋಗಿ, ಮಳೆ ತಾಗದಂಥ ಜಾಗದಲ್ಲಿ ಈ ಫೋಟೋ ಇಡುವುದು ಹೇಗೆಂದು ಕೇಳಿದಳು. ಅವರು ಒಂದು ವೆಬ್ ಫ್ರೇಮ್‌ವರ್ಕ್ ತೋರಿಸಿಕೊಟ್ಟರು. ಅಂದರೆ ವೆಬ್‌ಸೈಟ್ ಕಟ್ಟಲು ಬೇಕಾದ ತೊಲೆ, ಜಂತಿ, ಬಾಗಿಲುಗಳೆಲ್ಲ ಮೊದಲೇ ಸಿದ್ಧವಿರುವ ಒಂದು ಚೌಕಟ್ಟು. ಪ್ರೆಸ್ಸಿನ ಕೆಲಸ ಮುಗಿಸಿ ಸಂಜೆಗಳಲ್ಲಿ ಕೂತು ಅವಳು ಕಲಿತಳು. ಕೀರ್ತನನ ಎತ್ತರ, ಗಡ್ಡ, ಹುಬ್ಬಿನ ಮೇಲಿನ ಗಾಯದ ಗುರುತು ಬರೆದಳು. ಬರೆಯುತ್ತ ಹೋದ ಹಾಗೆ ಕೈ ನಿಲ್ಲಲಿಲ್ಲ. ಅವನಿಗೆ ಒತ್ತು ಶಾವಿಗೆಗೆ ಕಾಯಿಹಾಲು ಬೇಕೇ ಬೇಕು ಎನ್ನುವುದನ್ನೂ, ಅಕ್ಕನ ಹೆಸರು, ಅವ್ವ ದೇವಮ್ಮನ ಹೆಸರು, ಶಾಲೆಯಲ್ಲಿ ಓಟದಲ್ಲಿ ಬಂದ ಬಹುಮಾನವನ್ನೂ ಬರೆದಳು. ಸೈಟ್ ಕಂಡವರು ಬಾಯಿಗೆ ಬಂದ ಹಾಗೆ ಮರುಕಪಟ್ಟರು. ಕೀರ್ತನ್ ಮಾತ್ರ ಬರಲಿಲ್ಲ.

ಬಂದದ್ದು ಕೆಲಸ. “ಎಷ್ಟು ಚಂದ ಮಾಡಿದ್ದೀರಿ ಮಾರಾಯ್ರೆ, ನಮಗೂ ಒಂದು ಮಾಡಿ ಕೊಡಿ” ಎಂದು ಮೊದಲು ಕೇಳಿದವರು ಸಂಪಾಜೆಯ ಹೋಮ್‌ಸ್ಟೇಯವರು. ಆಮೇಲೆ ಪುತ್ತೂರಿನ ಹಲ್ಲಿನ ಡಾಕ್ಟರು, ಜೇನು ಸಾಕುವವರ ಸಂಘ, ನೆಲ್ಯಾಡಿಯ ಟಯರ್ ಅಂಗಡಿ, ಇಚಿಲಂಪಾಡಿಯ ಕಾಳುಮೆಣಸಿನ ನರ್ಸರಿ. ಹೇಮಶ್ರೀ ಪ್ರೆಸ್ಸು ಬಿಟ್ಟಳು. ಔಷಧಿ ಅಂಗಡಿಯ ಮಹಡಿಯಲ್ಲಿ ಕೋಣೆ ಹಿಡಿದು, ಚಿತ್ರ ಮತ್ತು ಬಣ್ಣದ ಕೆಲಸಕ್ಕೆ ನೆಬೀಸಳನ್ನು ಜೊತೆಗೆ ಸೇರಿಸಿಕೊಂಡಳು. ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಕಟ್ಟಿ ಕೂರುವುದಕ್ಕೆ ಪುರುಸೊತ್ತು ಎಲ್ಲಿ? ಮೊದಲು ಕಟ್ಟಿದ್ದರ ಮೇಲೆಯೇ ಎಲ್ಲವನ್ನೂ ಹೊಂದಿಸಿದಳು. ಅಡುಗೆಮನೆ ಒಂದೇ, ಎದುರಿನ ಬೋರ್ಡುಗಳು ಮಾತ್ರ ಬೇರೆ. ಯಾವ ಡೊಮೇನ್ ಹೆಸರು ಹಿಡಿದು ಜನ ಬರುತ್ತಾರೋ ಅದನ್ನು ನೋಡಿ ಆಯಾ ಸೈಟಿನ ಹೆಸರು, ಫೋನ್ ನಂಬರ್, ಬಣ್ಣ, ಚಿತ್ರ ಎದುರಿಗೆ ಬರುತ್ತಿತ್ತು. ಯಾರಾದರೂ ಒಂದು ಜಾಗ ಖಾಲಿ ಬಿಟ್ಟರೆ ಅದಕ್ಕೆ ಮೊದಲನೆಯ ಸೈಟಿನಲ್ಲಿ ಇದ್ದದ್ದು ತಾನೇ ಬಂದು ಕೂರುತ್ತಿತ್ತು. ಗೊತ್ತಿಲ್ಲದ ಹೆಸರಿನಿಂದ ಯಾರಾದರೂ ಬಂದರೆ ಅವರನ್ನು ಹಿಂದೆ ಕಳಿಸುವ ಬದಲು ಮೊದಲನೆಯ ಸೈಟಿಗೇ ಒಯ್ಯುತ್ತಿತ್ತು. ಅದಕ್ಕೆ ಡೀಫಾಲ್ಟ್ ಎಂಬ ಹೆಸರು, ಒಂದು ಸಣ್ಣ ಟಿಕ್ ಗುರುತು.

ಆ ಟಿಕ್ ಕೀರ್ತನನ ಸೈಟಿನ ಮೇಲಿತ್ತು. ಕಲಿಯುವ ಕಾಲದಲ್ಲಿ ಅವಳೇ ಇಟ್ಟದ್ದು. ಯಾವ ಹೆಸರಿನಿಂದ ಬಂದವರನ್ನು ಒಳಗೆ ಬಿಡಬೇಕು ಎಂದು ಕೇಳುವಲ್ಲಿ ಒಂದು ನಕ್ಷತ್ರ ಚಿಹ್ನೆ ಹಾಕಿದ್ದಳು; ಯಾರು ಬಂದರೂ ಬಿಡು ಎಂದು ಅದರ ಅರ್ಥ. ದಾರಿ ತಪ್ಪಿ ಬಂದವನೊಬ್ಬ ತಮ್ಮನನ್ನು ಗುರುತು ಹಿಡಿದರೆ ಹಿಡಿಯಲಿ ಎಂಬ ಆಸೆ.

ವರ್ಷಗಳು ಹೋದವು. ಕೀರ್ತನನ ಸೈಟಿನ ಡೊಮೇನ್ ಹೆಸರನ್ನು ಅವಳು ಒಂದು ಸಲ ನವೀಕರಿಸಲಿಲ್ಲ. ಅವ್ವ ಕೇಳುವುದನ್ನು ಬಿಟ್ಟಿದ್ದಳು. ಒಳಗಿದ್ದ ಪುಟವನ್ನು ಅಳಿಸಲು ಮನಸ್ಸು ಬರಲಿಲ್ಲ. ಹೆಸರೇ ಇಲ್ಲದ ಪುಟ ಯಾರಿಗೆ ಕಾಣುತ್ತದೆ ಎಂದು ಅದನ್ನು ಇದ್ದಲ್ಲೇ ಬಿಟ್ಟಳು. ಟಿಕ್ ಗುರುತಿನ ನೆನಪು ಅವಳಿಗೆ ಉಳಿದಿರಲಿಲ್ಲ.

ಕಳೆದ ವರ್ಷ ದೀಪಾವಳಿ ಕಳೆದ ವಾರ, ಬೆಳಿಗ್ಗೆ ಇಚಿಲಂಪಾಡಿಯ ನರ್ಸರಿಯ ತಿರುಮಲೇಶ್ವರ ಭಟ್ಟರು ಫೋನ್ ಮಾಡಿದರು. ಅವರು ಸಿಟ್ಟಿನವರಲ್ಲ. ಅವತ್ತು ದನಿಯಲ್ಲಿ ಒಂದು ಇರಿಸುಮುರಿಸಿತ್ತು.

“ಹೇಮಶ್ರೀಯವರೆ, ನಮ್ಮ ಸೈಟಿನಲ್ಲಿ ನಮ್ಮ ಐತಪ್ಪನ ಫೋಟೋ ಹಾಕಿದ್ದು ಯಾರು?”

“ಯಾವ ಐತಪ್ಪ?”

“ಇಲ್ಲಿ ಕೆಲಸಕ್ಕೆ ಇರುವವ. ಕಾಣೆಯಾಗಿದ್ದಾನೆ ಅಂತ ಬೇರೆ ಬರೆದಿದ್ದೀರಿ. ಅವ ಇಲ್ಲೇ ಗಿಡಕ್ಕೆ ನೀರು ಬಿಡ್ತಾ ಇದ್ದಾನಲ್ಲ ಮಾರಾಯ್ರೆ! ಗಿಡ ತಕ್ಕೊಂಡು ಹೋಗ್ಲಿಕ್ಕೆ ಬಂದವರೆಲ್ಲ ಫೋನ್ ನೋಡುದು, ಅವನ ಮುಖ ನೋಡುದು. ಎಂತ ತಮಾಷೆ ಇದು?”

ಹೇಮಶ್ರೀ ಕೂತಲ್ಲೇ ನರ್ಸರಿಯ ಸೈಟ್ ತೆರೆದಳು. ಹಸಿರು ಬಳ್ಳಿ, ಬೆಲೆಪಟ್ಟಿ, ಭಟ್ಟರ ನಗುಮುಖ. ಎಲ್ಲ ಸರಿ ಇತ್ತು. “ನೀವು ಯಾವ ಹೆಸರು ಒತ್ತಿ ನೋಡಿದ್ದು?” ಎಂದು ಕೇಳಿದಳು. ಆಗ ವಿಷಯ ಬಂತು. ಭಟ್ಟರ ತಂಗಿಯ ಮಗ ಅವಿನ್ ಚಿಕ್ಕದಾಗಿರಲಿ ಎಂದು ಹೊಸ ಡೊಮೇನ್ ಹೆಸರೊಂದನ್ನು ತಾನೇ ತೆಗೆದುಕೊಂಡು, ಇವಳ ಸರ್ವರಿನ ಕಡೆಗೆ ತಿರುಗಿಸಿದ್ದ. ಇವಳಿಗೆ ಹೇಳಿರಲಿಲ್ಲ. ಗಿಡದ ಪ್ಲಾಸ್ಟಿಕ್ ತೊಟ್ಟೆಗಳ ಮೇಲೆ ಆ ಹೆಸರು ಅಚ್ಚಾಗಿ ಊರೆಲ್ಲ ಹೋಗಿತ್ತು. ಇವಳ ಪಟ್ಟಿಯಲ್ಲಿ ಇಲ್ಲದ ಹೆಸರು. ಬಂದವರನ್ನು ಸರ್ವರು ಕೀರ್ತನನ ಎದುರು ತಂದು ನಿಲ್ಲಿಸುತ್ತಿತ್ತು.

ಹೊಸ ಹೆಸರನ್ನು ಒತ್ತಿದಳು. ತಮ್ಮ ನೋಡುತ್ತಿದ್ದ. ಎಷ್ಟೋ ವರ್ಷದಿಂದ ಅವಳು ಆ ಫೋಟೋ ತೆರೆದಿರಲಿಲ್ಲ.

“ಭಟ್ಟರೆ, ಐತಪ್ಪ ನಿಮ್ಮಲ್ಲಿಗೆ ಬಂದದ್ದು ಯಾವಾಗ?” ಎಂದು ಕೇಳಿದಳು.

“ಹೋದ ವರ್ಷದ ಮಳೆಗೆ ಮೊದಲು. ನಡೆದುಕೊಂಡು ಬಂದ. ಹೆಸರು ಕೇಳಿದರೆ ಗೊತ್ತಿಲ್ಲ ಅಂತ ಹೇಳಿದ. ನಮ್ಮಲ್ಲಿ ಹಿಂದೆ ಐತಪ್ಪ ಅಂತ ಒಬ್ಬ ಇದ್ದ, ಅದೇ ಹೆಸರು ಕರೆದೆವು. ಒಳ್ಳೆ ಕೆಲಸದವ. ಭಾಷೆ ನಿಮ್ಮದೇ, ಸುಳ್ಯ ಕಡೆಯ ಅರೆಭಾಷೆ.”

ಫೋನ್ ಇಟ್ಟ ಮೇಲೆ ಹೇಮಶ್ರೀ ಸರ್ವರಿಗೆ ಯಾರು ಯಾರು ಯಾವ ಹೆಸರಿನಿಂದ ಬಂದಿದ್ದಾರೆಂದು ನೋಡಿದಳು. ಯಾರೂ ನೋಡುವುದಿಲ್ಲ ಎಂದುಕೊಂಡಿದ್ದ ಪುಟವನ್ನು ದಿನವೂ ಜನ ನೋಡುತ್ತಿದ್ದರು. ಕಂಡು ಕೇಳರಿಯದ ಹೆಸರುಗಳು: ಮುಚ್ಚಿಹೋದ ಯಾವುದೋ ಕಲ್ಯಾಣ ಮಂಟಪ, ಯಾವುದೋ ಊರಿನ ಚಿಟ್‌ಫಂಡು, ಒಂದು ಟ್ಯೂಷನ್ ಕ್ಲಾಸು. ಕೆಲವು ತಿಂಗಳ ಹಿಂದೆ ಅವಳು ಸರ್ವರ್ ಬದಲಾಯಿಸಿದ್ದಳು. ಹೊಸ ಸರ್ವರಿನ ವಿಳಾಸ ಮೊದಲು ಬೇರೆ ಯಾರದ್ದೋ ಆಗಿತ್ತು. ಅವರು ಬಿಟ್ಟು ಹೋದರೂ ಅವರ ಹಳೆಯ ಹೆಸರುಗಳು ಇನ್ನೂ ಅಲ್ಲಿಗೇ ದಾರಿ ತೋರಿಸುತ್ತಿದ್ದವು. ಆ ಸತ್ತ ಹೆಸರುಗಳನ್ನು ಹಿಡಿದು ಬಂದವರಿಗೆಲ್ಲ ಕೀರ್ತನನೇ ಬಾಗಿಲು ತೆರೆದಿದ್ದ.

ಅಷ್ಟೇ ಆಗಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೇನೋ. ನೆಬೀಸ ಪುತ್ತೂರಿನ ಹಲ್ಲಿನ ಆಸ್ಪತ್ರೆಯ ಸೈಟನ್ನು ವಾಟ್ಸಾಪಿನಲ್ಲಿ ಯಾರಿಗೋ ಕಳಿಸಿದಳು. ಕಳಿಸಿದ ಕೂಡಲೇ ಹೆಸರಿನ ಕೆಳಗೆ ಒಂದು ಚಿತ್ರ ಮೂಡುತ್ತದಲ್ಲ, ಅಲ್ಲಿ ಕೀರ್ತನ್ ಬಂದ. ಡಾಕ್ಟರು ಆ ಚಿತ್ರದ ಜಾಗ ಖಾಲಿ ಬಿಟ್ಟಿದ್ದರು. ಜೇನಿನ ಸಂಘದ ಸೈಟ್ ಕಳಿಸಿ ನೋಡಿದರು, ಕೀರ್ತನ್. ಟಯರ್ ಅಂಗಡಿ, ಕೀರ್ತನ್. ಕಿಟಕಿಯಾಚೆ ಬಿಸಿಲು ಬಿದ್ದಿತ್ತು. ಕೆಳಗೆ ಬಸ್ಸಿನವರು ಪುತ್ತೂರು ಪುತ್ತೂರು ಎಂದು ಕೂಗುತ್ತಿದ್ದರು.

“ಹೇಮಕ್ಕ, ಇಷ್ಟು ಜನರ ಕಿಸೆಯಲ್ಲಿ ಇವ ತಿರುಗಾಡಿದ್ದಾನೆ. ಅದಕ್ಕೇ ಆ ಫೋನುಗಳು,” ಎಂದಳು ನೆಬೀಸ.

ಆ ಫೋನುಗಳ ನೆನಪು ಹೇಮಶ್ರೀಗೂ ಆಗಲೇ ಬಂದಿತ್ತು. ಕೆಲವು ವಾರಗಳಿಂದ, ಕೀರ್ತನನ ಪುಟದಲ್ಲೂ ಇದ್ದ ಆಫೀಸಿನ ನಂಬರಿಗೆ ಅರ್ಥವಾಗದ ಕರೆಗಳು ಬರುತ್ತಿದ್ದವು. “ನಿಮ್ಮ ಹುಡುಗ ಕಾಣಿಯೂರು ಬಸ್ಸಿನಲ್ಲಿದ್ದ” ಎಂದು ಒಬ್ಬರು. “ಅವರನ್ನು ನಾನೆಲ್ಲೋ ನೋಡಿದ್ದೇನೆ, ಎಲ್ಲಿ ಅಂತ ನೆನಪಾಗುದಿಲ್ಲ” ಎಂದು ಪುತ್ತೂರಿನ ಒಬ್ಬ ಹೆಂಗಸು. ರಾಂಗ್ ನಂಬರ್ ಎಂದು ಹೇಮಶ್ರೀಯೂ ನೆಬೀಸಳೂ ಫೋನ್ ಇಟ್ಟುಬಿಟ್ಟಿದ್ದರು.

ಮರುದಿನ ನೆಬೀಸಳ ಹಳೆಯ ಕಾರಿನಲ್ಲಿ ಇಬ್ಬರೂ ಹೊರಟರು. ಬೆಳ್ಳಾರೆ, ನಿಂತಿಕಲ್ಲು ದಾಟಿ ಕಡಬಕ್ಕೆ, ಅಲ್ಲಿಂದ ಇಚಿಲಂಪಾಡಿಗೆ. ಅವ್ವನಿಗೆ ಹೇಳಲಿಲ್ಲ. ದಾರಿಯುದ್ದಕ್ಕೂ ಹೇಮಶ್ರೀ ಒಂದೇ ಮಾತನ್ನು ಮನಸ್ಸಿನಲ್ಲಿ ತಿರುಗಿಸುತ್ತಿದ್ದಳು: ಬದುಕಿದ್ದರೆ ಇಷ್ಟು ಹತ್ತಿರದಲ್ಲಿದ್ದು ಮನೆಗೆ ಬಾರದೆ ಇದ್ದದ್ದು ಯಾಕೆ?

ಹಸಿರು ನೆಟ್ಟಿನ ನೆರಳಿನಲ್ಲಿ ಒಬ್ಬ ಕುಕ್ಕರುಗಾಲಿನಲ್ಲಿ ಕೂತು ತೊಟ್ಟೆಗಳಿಗೆ ಮಣ್ಣು ತುಂಬುತ್ತಿದ್ದ. ಬೆನ್ನು ಈ ಕಡೆಗಿತ್ತು. ಭುಜ, ಕುತ್ತಿಗೆ, ತಲೆ ಸ್ವಲ್ಪ ಎಡಕ್ಕೆ ವಾಲಿಸಿ ಕೂರುವ ರೀತಿ. ಹೇಮಶ್ರೀಯ ಕಾಲು ನಿಂತುಬಿಟ್ಟಿತು. ನೆಬೀಸ ಅವಳ ಮೊಣಕೈ ಹಿಡಿದುಕೊಂಡಳು.

ಅವನು ತಿರುಗಿದ. ಅದೇ ಹಣೆ, ಅದೇ ಗಡ್ಡ. ಆದರೆ ಕಿವಿ ಬೇರೆ, ಕಣ್ಣು ಬೇರೆ; ವಯಸ್ಸೂ ನಾಲ್ಕಾರು ವರ್ಷ ಹೆಚ್ಚು. ಅವನು ತಮ್ಮನಲ್ಲ ಎಂದು ಅವಳಿಗೆ ಉಸಿರು ಎಳೆದುಕೊಳ್ಳುವಷ್ಟರಲ್ಲಿ ತಿಳಿಯಿತು.

ಅವನು ಕೈಯ ಮಣ್ಣು ಒರೆಸಿಕೊಳ್ಳುತ್ತ ಎದ್ದು ನಿಂತು, ಅರೆಭಾಷೆಯಲ್ಲಿ, ನಿನ್ನೆ ಮೊನ್ನೆ ಬಿಟ್ಟು ಬಂದವರನ್ನು ಕೇಳುವಂತೆ ಕೇಳಿದ: “ಅಕ್ಕಾ, ಬಂದ್ಯಾ? ಅವ್ವ ಹೇಂಗೊಳ?”

ಅವ್ವ ಹೇಗಿದ್ದಾಳೆ ಎಂದು ಕೇಳಿದ್ದು. ನೆಬೀಸ ಬಾಯೊಳಗೇ ಏನೋ ಹೇಳಿಕೊಂಡಳು. ಹೇಮಶ್ರೀ ಅಲ್ಲಿದ್ದ ಸಿಮೆಂಟಿನ ಕಟ್ಟೆಯ ಮೇಲೆ ಕೂತಳು.

“ನೀವು ನನ್ನ ತಮ್ಮ ಅಲ್ಲ,” ಎಂದಳು.

“ಹೌದಾ,” ಎಂದ ಅವನು. ಬೇಸರವಾಗಲಿ ನಾಚಿಕೆಯಾಗಲಿ ಆ ದನಿಯಲ್ಲಿರಲಿಲ್ಲ. “ಬಂದವರೆಲ್ಲ ಹೌದು ಅಂತ ಹೇಳಿದರು. ಫೋನಿನಲ್ಲಿ ತೋರಿಸಿದರು. ಮೊದಲು ನಾನೂ ನಗಾಡಿದೆ. ಆಮೇಲೆ ದಿನಾ ಓದಿದೆ. ನನ್ನ ಒಳಗೆ ಹುಡುಕಿದರೆ ಎಂತ ಸಹ ಇಲ್ಲ. ಅದರಲ್ಲಿ ಎಲ್ಲ ಉಂಟು. ಶಾಲೆ ಉಂಟು, ಅವ್ವ ಉಂಟು, ನೀವು ಉಂಟು. ಓದಿ ಓದಿ ಅದು ನನಗೆ ನೆನಪಾಗ್ಲಿಕ್ಕೆ ಶುರುವಾಯಿತು.”

“ಓದಿದ್ದು ನೆನಪಾಗುದಲ್ಲ ಅದು.”

“ಓಟದಲ್ಲಿ ಬಹುಮಾನ ಬಂದ ದಿನ ಕಾಲಿಗೆ ಮುಳ್ಳು ಹೊಕ್ಕಿತ್ತು. ಜೀಪಿನ ಹಿಂದಿನ ಬಾಗಿಲು ನಿಲ್ಲುತ್ತಿರಲಿಲ್ಲ, ಹಸಿರು ಹಗ್ಗದಲ್ಲಿ ಕಟ್ಟುದು. ಅದು ಎಲ್ಲ ನೆನಪುಂಟು.”

ಮುಳ್ಳಿನ ಸಂಗತಿ ಹೇಮಶ್ರೀಗೆ ಗೊತ್ತಿರಲಿಲ್ಲ. ಹಗ್ಗ ಗೊತ್ತಿತ್ತು. ಮನೆಯ ಹಟ್ಟಿಯಿಂದ ಕೀರ್ತನ್ ಒಯ್ದದ್ದು, ಹಸಿರು ನೈಲಾನ್ ಹಗ್ಗ. ಅದನ್ನು ಅವಳು ಪುಟದಲ್ಲಿ ಬರೆದಿರಲಿಲ್ಲ. ಬರೆಯುವಂಥ ವಿಷಯವೂ ಅದಾಗಿರಲಿಲ್ಲ.

ವಾಪಸು ಬರುವಾಗ ಕಾರಿನಲ್ಲಿ ನೆಬೀಸ ಕಡಬ ದಾಟಿದ ಮೇಲೆ ಹೇಳಿದಳು: “ಹಳೆ ಜೀಪಿನ ಬಾಗಿಲು ಎಲ್ಲರೂ ಹಗ್ಗದಲ್ಲೇ ಕಟ್ಟುದು ಅಲ್ಲವಾ ಹೇಮಕ್ಕ. ಹಗ್ಗ ಅಂದರೆ ಹಸಿರೇ.”

“ಹೌದು,” ಎಂದಳು ಹೇಮಶ್ರೀ. ಇಬ್ಬರಿಗೂ ಅದು ಸಾಕಾಗಲಿಲ್ಲ.

ಪುಟವನ್ನು ತೆಗೆದುಹಾಕುವುದೆಂದು ಅವಳು ನಿಶ್ಚಯಿಸಿದಳು. ಆದರೆ ಅಳಿಸು ಎಂದರೆ ಫ್ರೇಮ್‌ವರ್ಕ್ ಎಚ್ಚರಿಕೆ ಕೊಟ್ಟಿತು: ಇದನ್ನು ತೆಗೆದರೆ ಇದಕ್ಕೆ ಆತುಕೊಂಡಿರುವುದೆಲ್ಲ ಹೋಗುತ್ತದೆ. ಎಲ್ಲ ಸೈಟುಗಳೂ ಯಾವುದೋ ಒಂದು ಎಳೆಯಿಂದ ಆ ಮೊದಲನೆಯದನ್ನು ಹಿಡಿದುಕೊಂಡಿದ್ದವು. ಹೋಮ್‌ಸ್ಟೇಯ ಫೋನ್ ನಂಬರು ಅಲ್ಲಿಂದ, ಜೇನಿನವರ ಭಾಷೆಯ ಆಯ್ಕೆ ಅಲ್ಲಿಂದ, ಚಿತ್ರಗಳಂತೂ ಅಲ್ಲಿಂದಲೇ. ಒಂದೊಂದೇ ಸೈಟಿನ ಸೆಟ್ಟಿಂಗ್ ತೆರೆದು, ಖಾಲಿ ಜಾಗಗಳಿಗೆ ಅವರವರದನ್ನು ತುಂಬಿ, ತಮ್ಮನನ್ನು ಬಿಡಿಸಬೇಕಾಯಿತು. ವಾರವಿಡೀ ಅದೇ ಕೆಲಸ. ಪ್ರತಿ ಸಲ ಒಂದು ಹೊಸ ಚಿತ್ರ ಹಾಕಿ ಉಳಿಸು ಎಂದು ಒತ್ತಿದಾಗ ಕೀರ್ತನ್ ಒಂದು ಮನೆಯಿಂದ ಹೊರಗೆ ಹೋದಂತಾಗುತ್ತಿತ್ತು. ಬೇರೆಯವರ ಮನೆಗಳಲ್ಲಿ ಇಷ್ಟು ಕಾಲ ಅವನನ್ನು ಕೂರಿಸಿದ್ದೆನಲ್ಲ, ಯಾರೂ ಎದ್ದು ಹೋಗು ಎನ್ನಲಿಲ್ಲವಲ್ಲ ಎಂದು ಅವಳಿಗೆ ಅನ್ನಿಸಿತು.

ನರ್ಸರಿಯ ಹೊಸ ಹೆಸರನ್ನು ಪಟ್ಟಿಗೆ ಸೇರಿಸಿದಳು. ನಕ್ಷತ್ರ ಚಿಹ್ನೆ ತೆಗೆದಳು. ಟಿಕ್ ಗುರುತನ್ನು ಏನೂ ಇಲ್ಲದ ಒಂದು ಬಿಳಿಯ ಪುಟಕ್ಕೆ ವರ್ಗಾಯಿಸಿದಳು.

ಎರಡು ದಿನ ಕಳೆಯುವಷ್ಟರಲ್ಲಿ ಭಟ್ಟರು ಮತ್ತೆ ಫೋನ್ ಮಾಡಿದರು. ಈ ಸಲ ದನಿ ತಗ್ಗಿಸಿ ಮಾತಾಡಿದರು.

“ನೀವು ಎಂತದೋ ಮಾಡಿದ್ದೀರಿ. ಅವ ಊಟ ಬಿಟ್ಟಿದ್ದಾನೆ. ಫೋನ್ ಹಿಡಿದುಕೊಂಡು ಕೂತಿದ್ದಾನೆ. ಕೇಳಿದರೆ, ‘ಯಜಮಾನರೆ, ನಾನಿದ್ದಲ್ಲಿ ಈಗ ಕಾಳುಮೆಣಸು ಉಂಟು. ನಾನು ಹೋದೆ’ ಅಂತ ಹೇಳ್ತಾನೆ. ಐತಪ್ಪ ಅಂತ ಕರೆದರೆ ತಿರುಗುದಿಲ್ಲ. ನಂಗೆ ಹೆದರಿಕೆ ಆಗ್ತದೆ.”

ಹೇಮಶ್ರೀ ಅವತ್ತು ಮಧ್ಯಾಹ್ನವೇ ಮನೆಗೆ ಹೋಗಿ ಅವ್ವನ ಎದುರು ಕೂತು ಎಲ್ಲವನ್ನೂ ಹೇಳಿದಳು. ದೇವಮ್ಮ ಅಳಲಿಲ್ಲ. ಒಲೆಯ ಮೇಲಿನ ಪಾತ್ರೆ ಇಳಿಸಿ, ಸೀರೆ ಬದಲಾಯಿಸಿ ಬಂದು, “ಹೋಗುವ” ಎಂದಳು.

ಇಚಿಲಂಪಾಡಿಯಲ್ಲಿ ಅವನು ನೆಲದ ಮೇಲೆ ಕೂತಿದ್ದ. ದೇವಮ್ಮ ಅವನ ಎದುರು ಕೂತು, ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ತುಂಬ ಹೊತ್ತು ನೋಡಿದಳು. ಕಿವಿಯ ಹಿಂದೆ ನೋಡಿದಳು. ಅಂಗೈ ಬಿಡಿಸಿ ನೋಡಿದಳು. ಅವನು ಮಗುವಿನ ಹಾಗೆ ತೋರಿಸಿದ.

“ಇವ ನಮ್ಮವ ಅಲ್ಲ,” ಎಂದು ಮಗಳಿಗೆ ಹೇಳಿದಳು. ಆಮೇಲೆ, “ಆದರೆ ಇವನನ್ನು ಒಬ್ಬಳು ಹೆತ್ತಿರಬೇಕಲ್ಲ. ಅವಳು ಎಲ್ಲಿ ಹುಡುಕಿಕೊಂಡು ಇದ್ದಾಳೋ. ಕೀರ್ತನನಿಗೆ ಮಾಡಿದ್ದನ್ನು ಇವನಿಗೆ ಮಾಡು ಹೇಮ. ಇವನದೇ ಫೋಟೋ ಹಾಕು.”

ಹೇಮಶ್ರೀ ಅಲ್ಲೇ ಬಿಸಿಲಿಗೆ ನಿಲ್ಲಿಸಿ ಫೋಟೋ ತೆಗೆದಳು. ಸುಳ್ಯಕ್ಕೆ ಬಂದು ಬಿಳಿಯ ಪುಟದ ಜಾಗದಲ್ಲಿ ಅವನನ್ನು ಕೂರಿಸಿದಳು. ನಕ್ಷತ್ರ ಚಿಹ್ನೆಯನ್ನು ಮತ್ತೆ ಹಾಕಿದಳು. ಈ ಸಲ ತಿಳಿದೇ ಹಾಕಿದಳು. ಸತ್ತ ಹೆಸರುಗಳನ್ನು ಹಿಡಿದು ಬರುವವರೆಲ್ಲ ಇನ್ನು ಇವನನ್ನು ನೋಡಲಿ. ಮೇಲೆ ಒಂದೇ ಸಾಲು: ‘ಇವರು ನಿಮಗೆ ಗೊತ್ತಾ?’

ಕೆಲವು ದಿನ ಸುದ್ದಿಯಿಲ್ಲ. ಆಮೇಲೆ ಒಂದು ಬೆಳಿಗ್ಗೆ, ನೆಬೀಸ ಚಹಾ ತರಲು ಕೆಳಗೆ ಹೋಗಿದ್ದಾಗ, ಒಬ್ಬ ಹೆಂಗಸು ಫೋನ್ ಮಾಡಿದಳು. ಹೆಸರು ಪೂವಮ್ಮ. ಊರು ಬಂದಡ್ಕ, ಸುಳ್ಯದಿಂದ ಗಡಿ ದಾಟಿದರೆ ಕೇರಳದ ಕಡೆ ಸಿಗುವ ಊರು. ಅಲ್ಲಿಯೂ ಅರೆಭಾಷೆಯ ಮನೆಗಳಿವೆ. ಮಗಳ ಟ್ಯೂಷನ್ ಕ್ಲಾಸಿನ ಹಳೆಯ ಸೈಟ್ ಒತ್ತಿದಾಗ ಆ ಮುಖ ಬಂತಂತೆ.

“ಆ ಫೋಟೋ ತೆಗೀರಿ ಅಕ್ಕ,” ಎಂದಳು. “ಅದು ನಮ್ಮ ಮನೆಯವರು, ಬೆಳ್ಯಪ್ಪ ಅಂತ. ನಾವು ಅವರನ್ನು ಸುಟ್ಟು ಬಂದಿದ್ದೇವೆ.”

ಹೇಮಶ್ರೀ ಆ ಫೋಟೋವನ್ನು ಎದುರಿನ ಪರದೆಯಲ್ಲಿ ತೆರೆದಳು.

“ಸತ್ತವರ ಫೋಟೋ ಯಾಕೆ ಹೀಗೆ ಮಾಡಿ ಹಾಕಿದ್ದೀರಿ? ಗಡ್ಡಕ್ಕೆ ಬಿಳಿ ಯಾಕೆ ಬಳಿದಿದ್ದೀರಿ? ಹೋಗುವಾಗ ಅವರ ಗಡ್ಡದಲ್ಲಿ ಒಂದು ಬಿಳಿ ಕೂದಲು ಇರಲಿಲ್ಲ.”

“ಪೂವಮ್ಮ,” ಎಂದಳು ಹೇಮಶ್ರೀ, “ಅದು ಹೋದ ವಾರ ತೆಗೆದ ಫೋಟೋ.”

ಆ ಕಡೆ ಏನೋ ಬಿದ್ದ ಸದ್ದಾಯಿತು. ಹೇಮಶ್ರೀ ಫೋನ್ ಇಡಲಿಲ್ಲ. ಕೇಳಬೇಕಾದ್ದನ್ನು ಕೇಳಲೇಬೇಕಿತ್ತು. “ಎಲ್ಲಿ ಸಿಕ್ಕಿದ್ದು? ಯಾವ ವರ್ಷ?”

ಬೆಳ್ಯಪ್ಪ ಮಡಿಕೇರಿ ಕಡೆ ಕಾಫಿ ತೋಟದ ಕೆಲಸಕ್ಕೆಂದು ಮನೆಯಿಂದ ಹೊರಟದ್ದು ೨೦೧೬ರ ಆಟಿಯಲ್ಲಿ. ಹಿಂದೆ ಬರಲಿಲ್ಲ. ಮಳೆ ಇಳಿಯುತ್ತ ಬಂದಾಗ ಪಯಸ್ವಿನಿ ಗಡಿ ದಾಟಿ ಕೇರಳಕ್ಕೆ ಹೋದ ಮೇಲೆ ಒಂದು ತಿರುವಿನಲ್ಲಿ, ಬಿದಿರ ಮೆಳೆಗೆ ಸಿಕ್ಕಿಕೊಂಡು ಒಂದು ಹೆಣ ಸಿಕ್ಕಿತು. ಮುಖದ ಗುರುತು ಉಳಿದಿರಲಿಲ್ಲ. ಮೈಕಟ್ಟು, ಭುಜ, ಗಡ್ಡ ನೋಡಿ ಪೂವಮ್ಮನ ಅಣ್ಣಂದಿರು ಹೌದು ಎಂದರು. ಪೂವಮ್ಮನೂ ಹೌದು ಎಂದಳು. ಆ ಗಡ್ಡ ಅವಳಿಗೆ ಗೊತ್ತಿದ್ದ ಗಡ್ಡವೇ. ಮನೆಗೆ ತಂದು, ಎಲ್ಲ ಕ್ರಮದಲ್ಲಿ ಸುಟ್ಟು, ಬೂದಿಯನ್ನು ಅದೇ ಹೊಳೆಗೆ ಬಿಟ್ಟರು.

ಹೇಮಶ್ರೀಗೆ ಎಲ್ಲ ಒಂದೇ ಸಲ ತಿಳಿಯಿತು. ಈ ಕಡೆ ಅವಳು ತಮ್ಮನ ಮುಖವನ್ನು ಗೋಡೆಗೆ ಹಚ್ಚುತ್ತಿದ್ದಾಗ ಆ ಕಡೆ ಯಾರೋ ಅವನಿಗೆ ಬೇರೆ ಹೆಸರಿಟ್ಟು ಬೆಂಕಿ ಕೊಟ್ಟಿದ್ದರು. ದಾರಿಯಲ್ಲಿ ಕೈ ತೋರಿಸಿದವರನ್ನೆಲ್ಲ ಹತ್ತಿಸಿಕೊಳ್ಳುವ ತಮ್ಮ ಅವತ್ತು ಬೆಳ್ಯಪ್ಪನನ್ನೂ ಹತ್ತಿಸಿಕೊಂಡಿರಬೇಕು. ಹಸಿರು ಹಗ್ಗ ಬಿಚ್ಚಿ ಒಳಗೆ ಕೂತವನಿಗೆ ಹಗ್ಗದ ನೆನಪು ಉಳಿದಿರಬೇಕು. ಮುಳ್ಳಿನ ಕತೆಯನ್ನು ದಾರಿಯಲ್ಲಿ ಕೀರ್ತನನೇ ಹೇಳಿದ್ದನೋ ಏನೋ. ಜೀಪು ನಿಲ್ಲಿಸಿ ಇಬ್ಬರೂ ಹೊಳೆಯ ಕಡೆಗೆ ಯಾಕೆ ಇಳಿದರು, ಅಲ್ಲಿ ಏನಾಯಿತು, ಒಬ್ಬ ಹೊಳೆ ಪಾಲಾಗಿ ಇನ್ನೊಬ್ಬ ತನ್ನನ್ನೇ ಕಳೆದುಕೊಂಡು ಇಷ್ಟು ವರ್ಷ ಎಲ್ಲಿ ಅಲೆದ, ಇದನ್ನು ಹೇಳಬಲ್ಲವನು ಒಬ್ಬನೇ. ಅವನನ್ನು ಕೇಳಿದರು. ಪೊಲೀಸರೂ ಕೇಳಿದರು, ಡಾಕ್ಟರರೂ ಕೇಳಿದರು. ಅವನು ಯೋಚಿಸಿ ಯೋಚಿಸಿ, “ನಾನು ಜೀಪು ನಿಲ್ಲಿಸಿದೆ. ಕಿತ್ತಳೆ ಸುಲಿಯುತ್ತಾ ಇದ್ದೆ” ಎನ್ನುತ್ತಿದ್ದ. ಅದರಿಂದ ಮುಂದೆ ಹೋಗುತ್ತಿರಲಿಲ್ಲ. ಪೊಲೀಸರು ಮುಖ ಮುಖ ನೋಡಿಕೊಂಡರು. ಅವನು ಕಾರು ಜೀಪು ಓಡಿಸಲು ಕಲಿತವನೇ ಅಲ್ಲ ಎಂದು ಪೂವಮ್ಮ ಹೇಳಿದಳು. ಕಿತ್ತಳೆಯ ಮಾತು ಹೇಮಶ್ರೀ ಪುಟದಲ್ಲಿ ಬರೆದಿದ್ದಳೋ ಇಲ್ಲವೋ ಎಂದು ನೋಡುವ ಧೈರ್ಯ ಮಾಡಲಿಲ್ಲ.

ಬಂದಡ್ಕದವರು ಬಂದು ಬೆಳ್ಯಪ್ಪನನ್ನು ಕರೆದುಕೊಂಡು ಹೋದರು. ಹೋಗುವ ದಿನ ದೇವಮ್ಮ ಪೂವಮ್ಮನನ್ನು ಪಕ್ಕಕ್ಕೆ ಕರೆದು ಕೇಳಿದ್ದು ಒಂದೇ: “ವರ್ಷ ವರ್ಷ ಸತ್ತವರಿಗೆ ಬಡಿಸುವಾಗ ಎಂತ ಬಡಿಸುತ್ತಿದ್ದಿರಿ?”

“ಕೋಳಿ, ರೊಟ್ಟಿ. ಅವರಿಗೆ ಇಷ್ಟ ಅಂತ.”

“ಶಾವಿಗೆ ಇಲ್ಲವಾ?”

“ಇಲ್ಲ ಅವ್ವ.”

ದೇವಮ್ಮ ತಲೆಯಾಡಿಸಿದಳು. ಅಷ್ಟು ವರ್ಷ ಮಗ ಬೇರೆ ಮನೆಯ ಎಲೆಯ ಮುಂದೆ, ಬೇರೆಯವರ ಹೆಸರಿಗೆ ಕೂತು ಉಂಡಿದ್ದಾನೆ, ಉಪವಾಸವಂತೂ ಇರಲಿಲ್ಲ. ಮನೆಗೆ ಬಂದು ಅವಳು ಅಕ್ಕಿ ನೆನೆ ಹಾಕಿದಳು. ಅವನದೆಂದು ಹೊಳೆಗೆ ಬಿಡಲು ಬೂದಿಯೂ ಇರಲಿಲ್ಲ. ಒತ್ತಿದ ಶಾವಿಗೆಯನ್ನು ಎಲೆಯಲ್ಲಿ ಬಡಿಸಿ, ಕಾಯಿಹಾಲು ಸುರಿದು, ಜೋರಾಗಿ ಒಂದು ಸಲ ಮಗನ ಹೆಸರು ಹೇಳಿ ಬಾಗಿಲು ಎಳೆದುಕೊಂಡು ಹೊರಗೆ ಕೂತಳು. ಹೇಮಶ್ರೀಯೂ ಕೂತಳು.

ಅದರ ಮಾರನೆಯ ವಾರ ಪೂವಮ್ಮನ ಫೋನ್ ಬಂತು. ಆಫೀಸಿನಲ್ಲಿ ನೆಬೀಸಳೂ ಇದ್ದಳು.

“ಬೆಳ್ಯಪ್ಪ ಅಂತ ಕರೆದರೆ ಇವರು ತಿರುಗಿಯೇ ನೋಡುದಿಲ್ಲ ಅಕ್ಕ. ಉಣ್ಣುತ್ತಾರೆ, ಕೆಲಸ ಮಾಡುತ್ತಾರೆ, ಮಗಳ ಹತ್ತಿರ ಮಾತಾಡುತ್ತಾರೆ. ಆದರೆ ಆ ಹೆಸರು ಅವರಿಗೆ ಕೇಳುದೇ ಇಲ್ಲ. ನಿನ್ನೆ ನಾನು ಹೆದರಿಕೊಂಡೇ ನಿಮ್ಮ ತಮ್ಮನ ಹೆಸರು ಕರೆದೆ. ಕೂಡಲೇ ಬಂದರು.” ಮತ್ತೆ ಕೇಳಿದಳು: “ಹಾಗೆ ಕರೆಯಲಾ? ನಿಮಗೆ ಬೇಸರ ಆಗುದಿಲ್ಲವಾ?”

ಹೇಮಶ್ರೀ ನೆಬೀಸಳ ಮುಖ ನೋಡಿದಳು.

“ಕರೀರಿ,” ಎಂದಳು ಹೇಮಶ್ರೀ.

ಪೂವಮ್ಮ ಫೋನನ್ನು ಬಾಯಿಂದ ದೂರ ಹಿಡಿದಿರಬೇಕು. ಕೀರ್ತನ್ ಎಂದು ಅವಳು ಅಂಗಳಕ್ಕೆ ಕೂಗಿದ್ದು ಇತ್ತ ಕೇಳಿಸಿತು. ತುಸು ಹೊತ್ತು ಏನಿಲ್ಲ. ಆಮೇಲೆ ಎಲ್ಲೋ ದೂರದಿಂದ, ಗುಡ್ಡದಾಚೆಯಿಂದಲೋ ಎನ್ನುವ ಹಾಗೆ, “ಓ” ಎಂದು ಒಬ್ಬ ಗಂಡಸು ಓಗೊಟ್ಟ. ಅದು ಯಾರ ದನಿ ಎಂದು ಹೇಮಶ್ರೀಗೆ ಹೇಳಲಾಗಲಿಲ್ಲ.